ಮಗಳ ಪ್ರಶ್ನೆಗೊಂದು ವಿಶ್ವವಿದ್ಯಾಲಯ

ಎರಡು ವರ್ಷದ ಹಿಂದೆ, ಗಣೇಶನ ಹಬ್ಬದ ದಿನ. ಆಮ್‌ಸ್ಟೆಲ್‌ವೇನ್‌ನ ನಮ್ಮ ಮನೆಯಲ್ಲಿ ಪೂಜೆ ಮುಗಿಸಿ ಊಟಕ್ಕೆ ಕುಳಿತಿದ್ದೆವು. ಹೊರಗೆ ಎಂದಿನಂತೆ ಜಿಟಿಜಿಟಿ ಮಳೆ. ಬಯಾಲಜಿ ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟಿದ್ದ ಮಗಳು ಕಡುಬಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು: "ಅಪ್ಪಾ, ಮಾಸ್ಟರ್ಸ್‌ಗೆ ನಾನು ಲ್ಯಾಬಿಗೆ ಹೋಗಲ್ಲ. ಜೀವಶಾಸ್ತ್ರದ ತತ್ತ್ವಶಾಸ್ತ್ರ ಓದ್ತೀನಿ."

ನನ್ನವಳ ಕೈಯಲ್ಲಿದ್ದ ತುಪ್ಪದ ಚಮಚ ಹಾಗೇ ನಿಂತಿತು. ನಾನಂತೂ ಎಲ್ಲ ಕನ್ನಡದ ಅಪ್ಪಂದಿರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಅದನ್ನ ಓದಿದವರಿಗೆ ಕೆಲಸ ಯಾರಮ್ಮಾ ಕೊಡ್ತಾರೆ?"

ಅವಳು ಉತ್ತರ ಕೊಡಲಿಲ್ಲ, ತಿರುಗಿ ಪ್ರಶ್ನೆ ಹಾಕಿದಳು. "ನೀನು ಎಂ.ಡಿ. ಮಾಡಿದ್ದೀಯಲ್ಲ, ಕಾಯಿಲೆ ಅಂದ್ರೇನು ಹೇಳು ನೋಡೋಣ."

"ದೇಹದ ಸಹಜ ಸ್ಥಿತಿ ಕೆಡೋದು," ಎಂದೆ.

"ಸಹಜ ಅಂದ್ರೆ?"

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಆ ರಾತ್ರಿ ನಿದ್ದೆ ಬರದೆ ಹಳೆಯದೊಂದು ನೆನಪಾಯಿತು. ನಾನು ಮೈಸೂರಿನಲ್ಲಿ ಎಂ.ಡಿ. ಓದುತ್ತಿದ್ದ ಕಾಲ. ಅಲ್ಲಿಯವರೆಗೆ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 140 ಮಿಲಿಗ್ರಾಂ ದಾಟಿದರೆ ಮಧುಮೇಹ ಎಂದು ಓದಿದ್ದೆವು. 1997ರಲ್ಲಿ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಆ ಗೆರೆಯನ್ನು 126ಕ್ಕೆ ಇಳಿಸಿತು. ಕಣ್ಣಿನ ರೆಟಿನಾಕ್ಕೆ ಹಾನಿ ಇನ್ನೂ ಕೆಳಗಿನ ಮಟ್ಟದಲ್ಲೇ ಶುರುವಾಗುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ಸರಿಯಾದ ಕಾರಣವೇ. ಆದರೆ 130 ಇದ್ದ ಮನುಷ್ಯ ರಾತ್ರಿ ಆರೋಗ್ಯವಂತನಾಗಿ ಮಲಗಿ ಬೆಳಿಗ್ಗೆ ರೋಗಿಯಾಗಿ ಎದ್ದ! ಅವನ ಮೈಯಲ್ಲಿ ಒಂದು ಹನಿ ರಕ್ತವೂ ಬದಲಾಗಿರಲಿಲ್ಲ. ನಾನು ಹೊಸ ಸಂಖ್ಯೆಯನ್ನು ಬಾಯಿಪಾಠ ಮಾಡಿದೆನೇ ಹೊರತು, ಗೆರೆ ಪ್ರಕೃತಿಯಲ್ಲಿ ಇದೆಯೋ ನಾವು ಎಳೆದದ್ದೋ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಗಳು ಓದಬೇಕೆಂದಿದ್ದು ಇದನ್ನೇ. ಮರುದಿನ ಇಬ್ಬರೂ ಕಂಪ್ಯೂಟರ್ ಮುಂದೆ ಕುಳಿತೆವು. ಹುಡುಕಾಟದಲ್ಲಿ ನಾವು ಕಲಿತದ್ದು ನಿಮ್ಮ ಮನೆಯ ಮಕ್ಕಳಿಗೂ ಉಪಯೋಗವಾದೀತೆಂದು ಈ ಲೇಖನ.

ಏನಿದು ವಿಷಯ?

ವಿಜ್ಞಾನಿ ಜೀನ್‌ಗಳನ್ನು ಎಣಿಸುತ್ತಾನೆ. ಜೀನ್ ಎಂದರೆ ಯಾವುದನ್ನು ಎಣಿಸಬೇಕು ಎಂದು ಕೇಳುವುದು ಈ ವಿಷಯ. ತಾಯಿಯ ರೋಗನಿರೋಧಕ ವ್ಯವಸ್ಥೆ ಪರಕೀಯವಾದುದನ್ನೆಲ್ಲ ಹೊಡೆದೋಡಿಸುತ್ತದೆ ಎಂದು ನಾವು ಓದಿದ್ದೆವು. ಹಾಗಿದ್ದರೆ ಅರ್ಧ ತಂದೆಯ ಜೀನ್‌ಗಳಿರುವ ಮಗುವನ್ನು ಒಂಬತ್ತು ತಿಂಗಳು ಹೇಗೆ ಸಾಕುತ್ತದೆ? ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು "ನಾನು" ಎಂಬುದರಲ್ಲಿ ಸೇರಿವೆಯೋ ಇಲ್ಲವೋ? ಇಂಥ ಪ್ರಶ್ನೆಗಳಿಗೆ ಪ್ರಯೋಗ ಬೇಕು, ಪ್ರಯೋಗವೊಂದೇ ಸಾಲದು. ಪದಗಳನ್ನೂ ತರ್ಕವನ್ನೂ ಒರೆಗೆ ಹಚ್ಚಬೇಕು.

ನಾವಿರುವ ನಾಡಿಗೆ ಇದು ಹೊಸತೇನಲ್ಲ. ಆಮ್‌ಸ್ಟರ್‌ಡ್ಯಾಮಿನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ 1889ರಲ್ಲಿ ಅನುವಂಶೀಯತೆಯ ಕಣಗಳಿಗೆ "ಪ್ಯಾಂಜೀನ್" ಎಂಬ ಹೆಸರು ಬಳಸಿದ. 1909ರಲ್ಲಿ ಡೆನ್ಮಾರ್ಕಿನ ಯೋಹಾನ್ಸನ್ ಅದನ್ನೇ ಮೊಟಕು ಮಾಡಿ "ಜೀನ್" ಎಂದ. 1935ರಲ್ಲಿ ಲೈಡನ್‌ನಲ್ಲಿ ಆರಂಭವಾದ "ಆಕ್ಟಾ ಬಯೋಥಿಯೊರೆಟಿಕಾ" ಎಂಬ ಪತ್ರಿಕೆ ಜೀವಶಾಸ್ತ್ರದ ಸಿದ್ಧಾಂತ ಮತ್ತು ತತ್ತ್ವಚಿಂತನೆಗೇ ಮೀಸಲು. ಡೆನ್ ಹಾಗ್‌ನಲ್ಲಿ ಹುಟ್ಟಿ, ಲೈಡನ್‌ನಲ್ಲಿ ಪಾಠ ಹೇಳಿ, 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗೆನ್ 1963ರ ಒಂದು ಪ್ರಬಂಧದಲ್ಲಿ, ಹಕ್ಕಿ ಯಾಕೆ ಹಾಡುತ್ತದೆ ಎಂಬಂಥ ಒಂದೇ "ಯಾಕೆ"ಯ ಒಳಗೆ ನಾಲ್ಕು ಪ್ರಶ್ನೆಗಳಿವೆ ಎಂದು ತೋರಿಸಿದರು: ಮೈಯೊಳಗಿನ ಕಾರಣವೇನು, ಮರಿಯಿಂದ ಬೆಳೆಯುತ್ತಾ ಅದು ಹೇಗೆ ಬಂತು, ಬದುಕಿ ಉಳಿಯಲು ಅದರಿಂದ ಏನು ಉಪಯೋಗ, ಪೂರ್ವಜರಿಂದ ಅದು ಹೇಗೆ ವಿಕಾಸವಾಯಿತು. ಇಂದಿಗೂ ಈ ವಿಷಯದ ವಿದ್ಯಾರ್ಥಿಗಳು ಇದನ್ನು ಓದುತ್ತಾರೆ.

ಕನ್ನಡಿಗರಿಗೂ ಇದು ಅಪರಿಚಿತವಲ್ಲ. ತೇಜಸ್ವಿಯವರ "ಕರ್ವಾಲೊ" ಓದಿದವರಿಗೆ ಹಾರುವ ಓತಿಯ ಬೆನ್ನು ಹತ್ತಿ ಮಲೆನಾಡಿನ ಕಾಡು ಹೊಕ್ಕವರು ನೆನಪಿರಬೇಕು. ಆ ಓತಿಯ ಹಿಂದಿದ್ದ ಪ್ರಶ್ನೆಗಳೂ ಇದೇ ಜಾತಿಯವು.

ಹೆಸರು ಹಿಡಿದು ಹೊರಟರೆ ಸಿಗುವುದಿಲ್ಲ

ನಾವು ಮಾಡಿದ ಮೊದಲ ತಪ್ಪು, ವಿಷಯದ ಹೆಸರನ್ನೇ ಹಾಕಿ ಹುಡುಕಿದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ಆ ಹೆಸರಿನ ಪದವಿ ನಮಗೆ ಸಿಗಲಿಲ್ಲ. ಎರಡನೆಯ ತಪ್ಪು, "ಬಯೋಎಥಿಕ್ಸ್" ಎಂದು ಕಂಡದ್ದೆಲ್ಲ ಇದೇ ಎಂದುಕೊಂಡದ್ದು. ಆಮ್‌ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ, ಬಯೋಎಥಿಕ್ಸ್ ಮತ್ತು ಆರೋಗ್ಯ ಎಂಬ ಒಂದು ವರ್ಷದ ಮಾಸ್ಟರ್ಸ್ ಕಂಡು ನಾನು ಕುಣಿದಾಡಿದೆ. ಮಗಳು ಪಠ್ಯವಿವರ ಓದಿ, "ಅಪ್ಪಾ, ಇದು ಏನು ಮಾಡೋದು ಸರಿ ಅಂತ ಕೇಳುತ್ತೆ. ನನಗೆ ಬೇಕಾಗಿರೋದು ಜೀವ ಅಂದ್ರೇನು ಅನ್ನೋದು" ಎಂದಳು. ಎರಡೂ ನೆಂಟರೇ, ಆದರೆ ಮನೆ ಬೇರೆ.

ನಿಧಾನವಾಗಿ ಗೊತ್ತಾಯಿತು: ಈ ವಿಷಯ ಬೇರೆ ಹೆಸರುಗಳ ಒಳಗೆ ಅಡಗಿರುತ್ತದೆ. ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ "ವಿಜ್ಞಾನದ ಇತಿಹಾಸ ಮತ್ತು ತತ್ತ್ವಶಾಸ್ತ್ರ" ಎಂಬ ಎರಡು ವರ್ಷದ, 120 ಕ್ರೆಡಿಟ್‌ಗಳ ಮಾಸ್ಟರ್ಸ್ ಇದೆ; ಪಾಠ ಇಂಗ್ಲಿಷಿನಲ್ಲಿ. ವಿಜ್ಞಾನ ಓದಿದವರೂ ಇತಿಹಾಸ, ತತ್ತ್ವಶಾಸ್ತ್ರ ಓದಿದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎನ್‌ಸ್ಕೆಡೆಯ ಟ್ವೆಂಟೆ ವಿಶ್ವವಿದ್ಯಾಲಯದ ಎರಡು ವರ್ಷದ ಕೋರ್ಸು ವಿಜ್ಞಾನ, ತಂತ್ರಜ್ಞಾನ, ಸಮಾಜ ಮೂರರ ತತ್ತ್ವಶಾಸ್ತ್ರವನ್ನೂ ಹೇಳಿಕೊಟ್ಟರೂ ಒಲವು ತಂತ್ರಜ್ಞಾನದ ಕಡೆಗೆ. ಲೈಡನ್‌ನಲ್ಲಿ ಬೇರೆ ವಿಷಯದ ಪದವೀಧರರು ಬಂದು ತಮ್ಮದೇ ವಿಷಯದ ತತ್ತ್ವಶಾಸ್ತ್ರ ಓದುವ ದಾರಿಯಿದೆ ಎಂಬುದನ್ನೂ ನೋಡಿದೆವು. ಕೋರ್ಸುಗಳ ಹೆಸರು, ನಿಯಮಗಳು ಬದಲಾಗುತ್ತಿರುತ್ತವೆ. ನಿಮ್ಮ ಮಕ್ಕಳು ಸೇರುವ ವರ್ಷದ ವಿವರವನ್ನೇ ನೋಡಿ.

ಗಡಿ ದಾಟಲು ಸಿದ್ಧರಿದ್ದರೆ ಪಕ್ಕದ ಬೆಲ್ಜಿಯಂನ ಲೂವೆನ್‌ನಲ್ಲಿ 1889ರಷ್ಟು ಹಳೆಯ ತತ್ತ್ವಶಾಸ್ತ್ರ ಸಂಸ್ಥೆಯಿದೆ, ಇಂಗ್ಲಿಷ್ ಕೋರ್ಸುಗಳೂ ಇವೆ. ಇಂಗ್ಲೆಂಡಿನ ಎಕ್ಸಿಟರ್ ಈ ವಿಷಯಕ್ಕೆ ಹೆಸರುವಾಸಿ. ಆದರೆ ಬ್ರೆಕ್ಸಿಟ್ ನಂತರ, 2021ರಿಂದ, ಯೂರೋಪಿನ ಹೊಸ ವಿದ್ಯಾರ್ಥಿಗಳಿಗೂ ಅಲ್ಲಿ ಸಾಮಾನ್ಯವಾಗಿ ವಿದೇಶಿಯರ ಫೀಸೇ. ಊರಿನ ಕಡೆ ನೋಡುವುದಾದರೆ ಬೆಂಗಳೂರಿನಲ್ಲಿ 1988ರಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣಜಗಳ ಸಾಮಾಜಿಕ ಜೀವನವನ್ನು ಅಭ್ಯಸಿಸಿದ ರಾಘವೇಂದ್ರ ಗದಗ್‌ಕರ್, ವಿಜ್ಞಾನಿಗಳನ್ನೂ ಮಾನವಿಕ ವಿಷಯಗಳವರನ್ನೂ ಒಂದೆಡೆ ಸೇರಿಸಲು 2004ರಲ್ಲಿ ಒಂದು ಕೇಂದ್ರವನ್ನೇ ಕಟ್ಟಿದರು.

ವಿಜ್ಞಾನ ಓದಿದವರು ತತ್ತ್ವಶಾಸ್ತ್ರಕ್ಕೆ ಹೋದರೆ ದಾರಿ ತಪ್ಪಿದಂತೆ ಎನ್ನುವವರಿಗೆ ನಾನು ಈಗ ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರಿನಲ್ಲಿ ವಿಜ್ಞಾನ ಓದಿದ ಎಸ್.ಎನ್. ಬಾಲಗಂಗಾಧರ ಅವರು 1977ರಲ್ಲಿ ಬೆಲ್ಜಿಯಂನ ಗೆಂಟ್‌ಗೆ ಬಂದದ್ದು ತತ್ತ್ವಶಾಸ್ತ್ರ ಓದಲಿಕ್ಕೆ. ಮುಂದೆ ಅಲ್ಲೇ ಪ್ರಾಧ್ಯಾಪಕರಾದರು. ಅವರ ವಿಚಾರಗಳನ್ನು ಒಪ್ಪುವವರೂ ಜಗಳವಾಡುವವರೂ ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಕ್ಷೇತ್ರ ಜೀವಶಾಸ್ತ್ರವಲ್ಲ, ಆದರೆ ದಾರಿ ಇದೇ.

ಫೀಸು, ಅರ್ಜಿ ಮತ್ತು ಅಪ್ಪನ ಚಿಂತೆ

ನಮ್ಮಲ್ಲಿ ಕೆಲವರ ಬಳಿ ಡಚ್ ಪಾಸ್‌ಪೋರ್ಟ್, ಕೆಲವರ ಬಳಿ ಭಾರತದ್ದು. ಫೀಸಿನ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಯೂರೋಪಿಯನ್ ಒಕ್ಕೂಟದ ಪೌರರಿಗೆ 2025-26ನೇ ಸಾಲಿನ ಸರ್ಕಾರಿ ಫೀಸು 2601 ಯೂರೋ. ಉಳಿದವರಿಗೆ ಆಯಾ ವಿಶ್ವವಿದ್ಯಾಲಯ ನಿಗದಿ ಮಾಡಿದ್ದು, ಅದು ಇದರ ಎಷ್ಟೋ ಪಟ್ಟು. ಇಲ್ಲೇ ಬೆಳೆದ ಭಾರತೀಯ ಪಾಸ್‌ಪೋರ್ಟಿನ ಮಕ್ಕಳಿಗೆ ಯಾವುದು ಅನ್ವಯ ಎಂಬುದು ರೆಸಿಡೆನ್ಸ್ ಪರ್ಮಿಟ್ಟಿನ ಬಗೆಯ ಮೇಲೆ ನಿಂತಿದೆ. ಅರ್ಜಿ ಹಾಕುವ ಮೊದಲೇ ಪ್ರವೇಶ ಕಚೇರಿಯಲ್ಲಿ ಕೇಳಿಬಿಡಿ.

ಅರ್ಜಿಗೆ ಅವಳು ಮಾಡಿಕೊಂಡ ತಯಾರಿ ಮೂರು. ಪದವಿಯ ಕೊನೆಯ ವರ್ಷದಲ್ಲೇ ತತ್ತ್ವಶಾಸ್ತ್ರವನ್ನು ಮೈನರ್ ಆಗಿ ತೆಗೆದುಕೊಂಡಳು. ಅಧ್ಯಾಪಕರು ಬರೆದ ಪ್ರಬಂಧಗಳನ್ನು ಓದಿ, ತನ್ನ ಪ್ರಶ್ನೆಯ ಹತ್ತಿರ ಯಾರಿದ್ದಾರೆ ಎಂದು ಪಟ್ಟಿ ಮಾಡಿ, ಓಪನ್ ಡೇಗೆ ಹೋಗಿ ಮಾತಾಡಿಸಿದಳು. ಉದ್ದೇಶಪತ್ರವನ್ನು "ನನಗೆ ಚಿಕ್ಕಂದಿನಿಂದಲೂ ಆಸಕ್ತಿ" ಎಂದು ಶುರು ಮಾಡದೆ ಆ 126 ಮತ್ತು 140ರ ಕಥೆಯಿಂದ ಶುರು ಮಾಡಿದಳು. ಕಥೆ ನನ್ನದೇ ಆದ್ದರಿಂದ ರಾಯಲ್ಟಿ ಕೇಳಿದ್ದೇನೆ, ಇನ್ನೂ ಬಂದಿಲ್ಲ!

ಇನ್ನು ಕೆಲಸದ ಮಾತು. ಸುಳ್ಳು ಹೇಳಬಾರದು: ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಹುದ್ದೆಗಳು ಬೆರಳೆಣಿಕೆಯಷ್ಟು. ಪಿಎಚ್.ಡಿ. ಮಾಡುವುದಾದರೆ ಒಂದು ಸಮಾಧಾನವಿದೆ. ಇಲ್ಲಿ ಬಹುಪಾಲು ಪಿಎಚ್.ಡಿ. ವಿದ್ಯಾರ್ಥಿಗಳು ನೌಕರರು; ನಾಲ್ಕು ವರ್ಷ ಸಂಬಳ, ರಜೆ, ಪಿಂಚಣಿ ಎಲ್ಲ ಉಂಟು. ಜಾಗಗಳನ್ನು ಕೆಲಸದ ಜಾಹೀರಾತಿನಂತೆಯೇ ಪ್ರಕಟಿಸುತ್ತಾರೆ, ಪೈಪೋಟಿಯೂ ಹಾಗೆಯೇ.

ಆದರೆ ನನ್ನ ಮನಸ್ಸು ತಿರುಗಿದ್ದು ಬೇರೊಂದು ಕಡೆಯಿಂದ. ನಾನಿರುವುದು ಔಷಧ ಸಂಶೋಧನೆಯಲ್ಲಿ. ಮನುಷ್ಯರ ಮೇಲೆ ಔಷಧ ಪ್ರಯೋಗಿಸುವ ಮುನ್ನ ನಮ್ಮ ಯೋಜನೆ ಒಂದು ನೈತಿಕ ಸಮಿತಿಯ ಮುಂದೆ ಹೋಗಬೇಕು. ಆ ಸಮಿತಿಯಲ್ಲಿ ವೈದ್ಯರು, ಕಾನೂನು ಬಲ್ಲವರು, ಸಂಶೋಧನಾ ವಿಧಾನ ಬಲ್ಲವರು ಮಾತ್ರವಲ್ಲ, ನೀತಿಶಾಸ್ತ್ರ ಬಲ್ಲವರೂ ಇರಬೇಕೆಂದು ಡಚ್ ಕಾನೂನೇ ಹೇಳುತ್ತದೆ. ಭಾರತದ 2019ರ ಔಷಧ ಪ್ರಯೋಗ ನಿಯಮಗಳಲ್ಲೂ ತತ್ತ್ವಶಾಸ್ತ್ರಜ್ಞರಿಗೆ, ನೀತಿಶಾಸ್ತ್ರಜ್ಞರಿಗೆ ಇಂಥ ಸಮಿತಿಯಲ್ಲಿ ಅವಕಾಶವಿದೆ. ಎಷ್ಟೋ ವರ್ಷ ಆ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾ ಗೊಣಗಿದವನು ನಾನು. ಅವರಿಂದಾಗಿ ನಮ್ಮ ಯೋಜನೆ ಎಷ್ಟು ಸಲ ಉತ್ತಮವಾಯಿತು ಎಂದು ಲೆಕ್ಕ ಹಾಕಿದ್ದು ಮಾತ್ರ ಮಗಳು ಈ ದಾರಿ ಹಿಡಿದ ಮೇಲೆ. ಆ ಕುರ್ಚಿಯಲ್ಲಿ ಕೂರುವವರೂ ಎಲ್ಲೋ ಓದಿ ಬಂದಿರಬೇಕಲ್ಲ!

ಅವಳೀಗ ಉಟ್ರೆಕ್ಟ್‌ನಲ್ಲಿ ಒಂದು ವರ್ಷ ಮುಗಿಸಿದ್ದಾಳೆ. ಮುಂದೇನು ಎಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ದರಿಂದ ಎಲ್ಲರೂ ಇದನ್ನೇ ಓದಿಸಿ ಎಂದು ನಾನು ಹೇಳಲಾರೆ. ನಿಮ್ಮ ಮಗ ಅಥವಾ ಮಗಳು ಊಟದ ನಡುವೆ ಇಂಥ ಮಾತು ತೆಗೆದರೆ, ಕೆಲಸದ ಪ್ರಶ್ನೆ ಕೇಳಿ, ಖಂಡಿತ ಕೇಳಿ. ಅದಕ್ಕೆ ಮುಂಚೆ "ನಿನ್ನ ಪ್ರಶ್ನೆ ಏನು?" ಎಂದು ಕೇಳಿ. ಪ್ರಶ್ನೆ ಗಟ್ಟಿಯಾಗಿದ್ದರೆ ಅದಕ್ಕೆ ತಕ್ಕ ಗುರು, ಗುರುವಿರುವ ಊರು, ಆ ಊರಿನ ಕೋರ್ಸು ಈ ಕ್ರಮದಲ್ಲಿ ಹುಡುಕಬಹುದು. ನಾವು ಉಲ್ಟಾ ಶುರು ಮಾಡಿ ಮೂರು ತಿಂಗಳು ಕಳೆದೆವು.

ಕಳೆದ ವಾರ ಮೈಸೂರಿಗೆ ಫೋನ್ ಮಾಡಿದ್ದಾಗ ಅಮ್ಮ ಕೇಳಿದರು, "ಮಗು ಏನೋ ಓದ್ತಿದೆಯಂತಲ್ಲ, ಏನದು?"

"ಜೀವ ಅಂದ್ರೇನು ಅಂತ ಓದ್ತಿದ್ದಾಳಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಾದ ಮೇಲೆ ನಂಗೂ ಒಂದು ಫೋನ್ ಮಾಡಕ್ಕೆ ಹೇಳು" ಎಂದರು.