ಮರಾಟಿ ಸಮುದಾಯ ಮತ್ತು ಒಂದು ಪಟ್ಟಿ

ಪುತ್ತೂರು, ಸುಳ್ಯ ಕಡೆ ಬೋಧನಾಭ್ಯಾಸಕ್ಕೆ ಹೋಗುವ ನಮಗೆಲ್ಲ ತರಗತಿಯಲ್ಲಿ ಮರಾಟಿ ಸಮುದಾಯದ ಮಕ್ಕಳು ಸಿಗುತ್ತಾರೆ. ಮನೆಯಲ್ಲಿ ಮರಾಠಿಯ ಒಂದು ಉಪಭಾಷೆ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಗೋಂದೋಳು ಪೂಜೆ ಅವರ ಮುಖ್ಯ ಆಚರಣೆ. ಕರ್ನಾಟಕದ ಪಟ್ಟಿಯಲ್ಲಿ ದಕ್ಷಿಣ ಕನ್ನಡದ ಮರಾಟಿಗರು ಪರಿಶಿಷ್ಟ ಪಂಗಡದವರು.

ಕುಂಬ್ರದಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ಒಬ್ಬ ಹುಡುಗಿ ನನ್ನಲ್ಲಿ ಕೇಳಿದಳು: "ಪೆರ್ಲದ ನಮ್ಮ ದೊಡ್ಡಮ್ಮನ ಮಕ್ಕಳಿಗೆ ನಡುವೆ ಸ್ವಲ್ಪ ವರ್ಷ ಈ ಸರ್ಟಿಫಿಕೇಟ್ ಸಿಗ್ತಾ ಇರ್ಲಿಲ್ವಂತೆ. ಯಾಕೆ?"

ಉತ್ತರ ಇತಿಹಾಸದಲ್ಲಿದೆ. 1956ರ ನವೆಂಬರ್ 1ರವರೆಗೆ ಪುತ್ತೂರೂ ಕಾಸರಗೋಡೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಪುತ್ತೂರು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಬಂಧುಬಳಗ ಎರಡು ರಾಜ್ಯಗಳಲ್ಲಿ ಹಂಚಿಹೋಯಿತು. ಆದರೂ ಎರಡೂ ಕಡೆಯವರು ಪಟ್ಟಿಯಲ್ಲಿ ಉಳಿದರು.

ಸಂವಿಧಾನದ 342ನೆಯ ವಿಧಿಯಂತೆ ಈ ಪಟ್ಟಿ ರಾಜ್ಯವಾರು ಇರುತ್ತದೆ. ರಾಷ್ಟ್ರಪತಿಯವರು ಅದನ್ನು ಪ್ರಕಟಿಸಿದ ಮೇಲೆ ಹೆಸರು ಸೇರಿಸಲು, ತೆಗೆಯಲು ಸಂಸತ್ತಿನ ಕಾನೂನೇ ಬೇಕು. 2002ರ ತಿದ್ದುಪಡಿ ಕಾಯಿದೆ ಉತ್ತರ ಕನ್ನಡದ ಸಿದ್ದಿಯರನ್ನು ಕರ್ನಾಟಕದ ಪಟ್ಟಿಗೆ ಸೇರಿಸಿತು. ಅದೇ ಕಾಯಿದೆ ಮರಾಟಿಗರನ್ನು ಕೇರಳದ ಪಟ್ಟಿಯಿಂದ ತೆಗೆಯಿತು. ಭಾಷೆ, ಪೂಜೆ, ನೆಂಟಸ್ತಿಕೆ ಯಾವುದೂ ಬದಲಾಗದಿದ್ದರೂ ಗಡಿಯಾಚೆಯ ಮಕ್ಕಳಿಗೆ ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನಕ್ಕೂ ಸೀಟಿಗೂ ಆಧಾರ ಇಲ್ಲದಾಯಿತು. ಸಮುದಾಯದವರು ವರ್ಷಗಟ್ಟಲೆ ಹೋರಾಡಿದರು. 2013ರಲ್ಲಿ ಸಂಸತ್ತು ಮತ್ತೆ ಕಾನೂನು ಮಾಡಿ ಕಾಸರಗೋಡು, ಹೊಸದುರ್ಗ ತಾಲೂಕುಗಳ ಮರಾಟಿಗರನ್ನು ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಯ ಹೊರಗಿದ್ದ ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ, ಪದವಿ ಮುಗಿಸಿದವರಿಗೆ ಕಳೆದುಹೋದ ಸೀಟು ಮರಳಿ ಬರುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಯಾದ ನನಗೆ ವರ್ಗೀಕರಣವೆಂದರೆ ಲಕ್ಷಣ ನೋಡಿ ಗುಂಪು ಮಾಡುವುದು. ಮಾವಿನ ಮರ ಗಡಿಯ ಎರಡೂ ಬದಿಯಲ್ಲಿ ಮಾವೇ. ಜನರ ಪಟ್ಟಿ ಹಾಗಲ್ಲ. ಅಲ್ಲಿ ಲಕ್ಷಣದ ಜೊತೆಗೆ ಊರು, ರಾಜ್ಯ, ಕಾನೂನು ಮೂರೂ ಸೇರುತ್ತವೆ. ಆದ್ದರಿಂದ ಪ್ರಮಾಣಪತ್ರವನ್ನು ಮಗುವಿನ ಯೋಗ್ಯತೆಯ ಅಳತೆ ಎಂಬಂತೆ ನಾವು ಎಂದೂ ಮಾತಾಡಬಾರದು.

ಸಹಪಾಠಿಗಳಲ್ಲಿ ನನ್ನ ಸಲಹೆ ಇಷ್ಟೆ: ಅರ್ಜಿ ತುಂಬಿಸುವಾಗ ಮಕ್ಕಳನ್ನು ನಿಲ್ಲಿಸಿ ಎಲ್ಲರೆದುರು ಜಾತಿ ಕೇಳಬೇಡಿ. ಬದಲಿಗೆ ಕರಿಹಲಗೆಯಲ್ಲಿ 1956, 2002, 2013 ಎಂದು ಬರೆದು, ಒಂದು ನಕಾಶೆ ಇಟ್ಟು, ಈ ಸಂಗತಿಯನ್ನು ಎಲ್ಲ ಮಕ್ಕಳಿಗೂ ಪಾಠವಾಗಿ ಹೇಳಿ.