ಬರೀ ಗ್ಯಾಸ್ಟ್ರಿಕ್ ಅಂದುಕೊಂಡಿದ್ದೆ

ರಾತ್ರಿ ಎರಡೂವರೆಗೆ ಗಂಟಲಿಗೆ ಹುಳಿನೀರು ಉಕ್ಕಿ ಬಂದು, ಕೆಮ್ಮುತ್ತಾ ಎದ್ದು ಕೂತೆ. ಪಕ್ಕದ ರೂಮಿನಿಂದ ಅಮ್ಮ, "ಮತ್ತೆ ಗ್ಯಾಸ್ಟ್ರಿಕ್ಕಾ? ಹತ್ತು ಗಂಟೆಗೆ ಊಟ ಮಾಡ್ಬೇಡ ಅಂದ್ರೆ ಕೇಳಲ್ಲ ನೀನು" ಅಂದರು. ನಮ್ಮಲ್ಲಿ ಎದೆ ಉರಿದರೂ, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್ಕೇ ತಾನೆ! ನಾನೂ ಹಾಗೇ ಅಂದುಕೊಂಡು, ಬೆಳಿಗ್ಗೆ ಒಂದು ಪ್ಯಾಂಟೊಪ್ರಜೋಲ್ ನುಂಗಿ ಆಫೀಸಿಗೆ ಓಡುತ್ತಿದ್ದೆ. ಹೀಗೇ ಒಂದೂವರೆ ವರ್ಷ ಕಳೆಯಿತು.

ಮೆಡಿಕಲ್ ಶಾಪಿನವರಿಗೆ ಒಂದು ವಿಷಯ ಹೇಳಿರಲಿಲ್ಲ. ಐದು ವರ್ಷದ ಹಿಂದೆ ನಾನು ತೂಕ ಇಳಿಸುವ ಸ್ಲೀವ್ ಸರ್ಜರಿ ಮಾಡಿಸಿಕೊಂಡಿದ್ದೆ. 108 ಕೆಜಿ ಇದ್ದವಳು 71ಕ್ಕೆ ಬಂದೆ. ಶುಗರ್ ಹತೋಟಿಗೆ ಬಂತು, ಮಂಡಿನೋವು ಹೋಯ್ತು. ಮದುವೆಮನೆಗಳಲ್ಲಿ "ಯಾಕೆ ಇಷ್ಟು ಇಳಿದುಹೋಗಿದೀಯ, ಹುಷಾರಿಲ್ವಾ?" ಅಂತ ಕೇಳಿಸಿಕೊಂಡದ್ದು ಬಿಟ್ಟರೆ ಆ ನಿರ್ಧಾರದ ಬಗ್ಗೆ ಇವತ್ತಿಗೂ ಬೇಸರವಿಲ್ಲ.

ಈ ಆಪರೇಷನ್ನಿನಲ್ಲಿ ಜಠರದ ಸುಮಾರು 75ರಿಂದ 80 ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಮೊದಲಿನ ಚೀಲ ಊಟಕ್ಕೆ ತಕ್ಕಂತೆ ಹಿಗ್ಗುತ್ತಿತ್ತು, ಈ ಕೊಳವೆ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಒಳಗೆ ಒತ್ತಡ ಜಾಸ್ತಿ. ಅನ್ನನಾಳದ ಬುಡದಲ್ಲಿ ಬಾಗಿಲು ಕಾಯುವ ಸ್ನಾಯುವೂ ಕೆಲವರಲ್ಲಿ ಸಡಿಲವಾಗುತ್ತದೆ. ಆಗ ಆಸಿಡ್ ಮೇಲೇರುತ್ತದೆ. ಅದನ್ನು ತಡೆದುಕೊಳ್ಳುವ ಒಳಪದರ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ವರ್ಷಗಟ್ಟಲೆ ಸುಟ್ಟರೆ ಕೆಲವರಲ್ಲಿ ಅನ್ನನಾಳದ ಒಳಪದರವೇ ಕರುಳಿನ ಪದರದಂತೆ ಬದಲಾಗುತ್ತದೆ. ಇದಕ್ಕೆ ಬ್ಯಾರೆಟ್ಸ್ ಈಸೊಫೇಗಸ್ ಅಂತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕೆಲವೇ ಕೆಲವರಲ್ಲಿ ಆ ಕಡೆಗೆ ತಿರುಗಬಹುದು.

ಹೆದರಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಫಿನ್ಲೆಂಡಿನಲ್ಲಿ 240 ಜನರನ್ನು ಸ್ಲೀವ್, ಬೈಪಾಸ್ ಅಂತ ಎರಡು ಗುಂಪು ಮಾಡಿ ಹತ್ತು ವರ್ಷ ಗಮನಿಸಿದ ಸ್ಲೀವ್‌ಪಾಸ್ ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಂಡೋಸ್ಕೋಪಿ ಮಾಡಿಸಿದವರಲ್ಲಿ ಅನ್ನನಾಳದ ಉರಿಯೂತ ಸ್ಲೀವ್ ಗುಂಪಿನ ಶೇ 31 ಮಂದಿಗಿತ್ತು, ಬೈಪಾಸ್ ಗುಂಪಿನಲ್ಲಿ ಶೇ 7. ಬ್ಯಾರೆಟ್ಸ್ ಮಾತ್ರ ಎರಡರಲ್ಲೂ ಶೇ 4. ಸ್ಲೀವ್ ಮಾಡಿಸಿದರೆ ಕ್ಯಾನ್ಸರ್ ಗ್ಯಾರಂಟಿ ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ.

ತೊಂದರೆ ಇರುವುದು ಇನ್ನೊಂದು ಕಡೆ. ಎಷ್ಟು ಉರಿಯುತ್ತದೆ ಅನ್ನುವುದಕ್ಕೂ ಒಳಗೆ ಎಷ್ಟು ಹಾಳಾಗಿದೆ ಅನ್ನುವುದಕ್ಕೂ ತಾಳೆಯಾಗುವುದಿಲ್ಲ. ಉರಿಯೇ ಇಲ್ಲದವರಲ್ಲೂ ಗಾಯ ಇರುತ್ತದೆ. ಅದಕ್ಕೇ ಈ ಸರ್ಜನ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಸೊ, ಸರ್ಜರಿಯಾಗಿ ಒಂದು ವರ್ಷಕ್ಕೆ ಒಮ್ಮೆ, ಆಮೇಲೆ ಸ್ಲೀವ್ ಆದವರಿಗೆ ಎರಡು-ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಲು ಹೇಳುತ್ತದೆ, ಏನೂ ತೊಂದರೆ ಕಾಣದಿದ್ದರೂ. ನನ್ನ ಫಾಲೋಅಪ್‌ಗಳಲ್ಲಿ ತೂಕ ನೋಡಿದರು, ಬಿ12 ನೋಡಿದರು, ಭೇಷ್ ಅಂದರು. ಅನ್ನನಾಳದ ಮಾತು ಯಾರೂ ತೆಗೆಯಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ಕೊನೆಗೆ ಹೋದೆ. ಗಂಟಲಿಗೆ ಕಹಿ ಸ್ಪ್ರೇ, ಹತ್ತು ನಿಮಿಷದ ಕೆಲಸ. ಅನ್ನನಾಳದಲ್ಲಿ ಹುಣ್ಣುಗಳಿದ್ದವು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಆ ವಾರವೆಲ್ಲ ಫೋನ್ ಸದ್ದಾದರೆ ಎದೆ ಡವಡವ. ಬ್ಯಾರೆಟ್ಸ್ ಇರಲಿಲ್ಲ.

"ಸರ್ಜರಿಗೆ ಮುಂಚೆಯೂ ಎದೆಯುರಿ ಇತ್ತೇನಮ್ಮ?" ಅಂತ ಡಾಕ್ಟರ್ ಕೇಳಿದರು. ಕಾಲೇಜಿನಿಂದಲೂ ಇತ್ತು. ಫಾರಂನಲ್ಲಿ 'ಇಲ್ಲ' ಅಂತ ಟಿಕ್ ಮಾಡಿದ್ದೆ, ಅದೂ ಒಂದು ಕಾಯಿಲೆಯಾ ಅಂತ. ಜೋರಾದ ಆಸಿಡ್ ತೊಂದರೆ ಮೊದಲೇ ಇದ್ದವರಿಗೆ ಸಾಮಾನ್ಯವಾಗಿ ಬೈಪಾಸ್ ಸೂಚಿಸುತ್ತಾರಂತೆ. ಮಾತ್ರೆಗೆ ಬಗ್ಗದಿದ್ದರೆ ನನ್ನ ಸ್ಲೀವನ್ನೂ ಬೈಪಾಸಿಗೆ ಬದಲಿಸಬೇಕಾಗಬಹುದು.

ಸದ್ಯಕ್ಕೆ ಎಂಟು ವಾರದ ಮಾತ್ರೆ, ಮಲಗುವ ಮೂರು ಗಂಟೆ ಮುಂಚೆ ಊಟ. ಪಕ್ಕದಲ್ಲಿ ಮನೆ ಕಟ್ಟುವವರ ಹತ್ತಿರ ಅಮ್ಮ ಇಟ್ಟಿಗೆ ಕೇಳಿ ತಂದು, ಮಂಚದ ತಲೆಕಡೆ ಕಾಲುಗಳಿಗೆ ಕೊಟ್ಟು ಅರ್ಧ ಅಡಿ ಎತ್ತರಿಸಿದ್ದಾರೆ. ಬೆಳಗಾಗುವಷ್ಟರಲ್ಲಿ ಜಾರಿ ಮಂಚದ ಮಧ್ಯಕ್ಕೆ ಬಂದಿರುತ್ತೇನೆ.