ರುಜು ಹಾಕುವ ಮುನ್ನ

ತೋವಿನಕೆರೆಯ ಕಡೆಯಿಂದ ತುಮಕೂರಿಗೆ ಹೋಗಿ ಕಾರ್ಖಾನೆಗಳಲ್ಲಿ ದುಡಿಯುವವರುಂಟು. ಅಂಥವರ ಕೈಗೆ ಒಂದು ದಿನ ಕಾಗದ ಬರುತ್ತದೆ: ಕೆಲಸ ಇನ್ನಿಲ್ಲ, ಇಷ್ಟು ಲಕ್ಷ ಕೊಡುತ್ತೇವೆ, ಹತ್ತು ದಿನದೊಳಗೆ ರುಜು ಹಾಕತಕ್ಕದ್ದು. ಒಪ್ಪುವುದೋ, ತಕರಾರು ಹೂಡುವುದೋ?

ವ್ಯಾಕರಣ ಕಲಿಸುವ ನನಗೆ ಮೊದಲು ಕಾಣುವುದು ಆ ಕಾಗದದ ಕ್ರಿಯಾಪದ. ‘ತೆಗೆದಿದ್ದೇವೆ’ ಎಂದಿದ್ದರೆ ಕರ್ತೃ ಮಾಲೀಕ. ‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂದಿದ್ದರೆ ಕರ್ತೃ ನೀವು. ಕಾನೂನು ಕೇಳುವುದೂ ಇದನ್ನೇ. ಮಾಲೀಕನೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಒಂದು ವರ್ಷ ಸತತ ದುಡಿದ ಕಾರ್ಮಿಕನಿಗೆ ಆಗ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಸಲ್ಲಬೇಕು. 1953ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ ಈ ನಿಯಮವನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಕಾರ್ಖಾನೆಯಲ್ಲಿ 300 ಮಂದಿ ಕಾರ್ಮಿಕರಿದ್ದರೆ ಸರ್ಕಾರದ ಅನುಮತಿಯೂ ಮೊದಲೇ ಬೇಕು. ನೀವಾಗಿ ಬಿಟ್ಟಿರೆಂದಾದರೆ ಇವಾವುದೂ ಅನ್ವಯಿಸದು.

ಆದ್ದರಿಂದ ಅವರು ತೋರಿಸುವ ಒಟ್ಟು ಮೊತ್ತಕ್ಕೆ ಮರುಳಾಗದೆ ಅದನ್ನು ಬಿಡಿಸಿ ನೋಡಿರಿ. ಮೂಲವೇತನ ಮತ್ತು ತುಟ್ಟಿಭತ್ಯ ಸೇರಿ ತಿಂಗಳಿಗೆ 26,000 ರೂಪಾಯಿ, ಸೇವೆ 20 ವರ್ಷ ಎನ್ನೋಣ. ಗ್ರಾಚ್ಯುಟಿಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸುವುದು ಕ್ರಮ. ವರ್ಷಕ್ಕೆ 15,000ದಂತೆ 3 ಲಕ್ಷವಾಯಿತು. ರಿಟ್ರೆಂಚ್‌ಮೆಂಟಿನ ಪರಿಹಾರ, ವರ್ಷಕ್ಕೆ ಅರ್ಧ ತಿಂಗಳೆಂದು ಹಿಡಿದರೂ, 2,60,000. ಅಲ್ಲಿಗೆ 5,60,000 ರೂಪಾಯಿ ಹೇಗೂ ಸಲ್ಲಬೇಕಾದದ್ದೇ. ಕಂಪನಿ ‘ಆರು ಲಕ್ಷ’ ಎಂದು ದೊಡ್ಡದಾಗಿ ಬರೆದು ಗ್ರಾಚ್ಯುಟಿಯನ್ನೂ ಅದರಲ್ಲೇ ಸೇರಿಸಿದ್ದರೆ, ನಿಮ್ಮ ಹಕ್ಕನ್ನು ಕೊಳ್ಳಲು ಅವರು ಕೊಡುತ್ತಿರುವುದು 40,000 ಮಾತ್ರ! ಭವಿಷ್ಯನಿಧಿಯಂತೂ ನಿಮ್ಮದೇ ಹಣ. ಅದನ್ನು ಔದಾರ್ಯದ ಲೆಕ್ಕಕ್ಕೆ ಸೇರಿಸುವ ಜಾಣರೂ ಇದ್ದಾರೆ.

ಎಲ್ಲ ಕಾಗದವೂ ಹೀಗೆಯೇ ಎನ್ನಲಾಗದು. ತುಮಕೂರಿನ ಗಡಿಯಾರದ ಕಾರ್ಖಾನೆಯನ್ನು ನಮ್ಮ ಜಿಲ್ಲೆ ಮರೆತಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿದಾಗ, ನೌಕರರಿಗೆ 2007ರ ವೇತನಶ್ರೇಣಿಯನ್ನು ಲೆಕ್ಕಕ್ಕೆ ಹಿಡಿದು ಸ್ವಯಂ ನಿವೃತ್ತಿಯ ಹಣ ಕೊಡುವುದೆಂದಾಯಿತು. ಅವರು ಪಡೆಯುತ್ತಿದ್ದುದು ಅದಕ್ಕಿಂತ ಹಳೆಯ ಶ್ರೇಣಿ. ಕಾರ್ಖಾನೆಯೇ ಮುಚ್ಚುವಾಗ ‘ಮರಳಿ ಕೆಲಸ ಕೊಡಿ’ ಎಂಬ ತೀರ್ಪು ಬಂದರೂ ಹೋಗಿ ನಿಲ್ಲುವುದು ಬೀಗ ಹಾಕಿದ ಗೇಟಿನ ಮುಂದೆ. ಅಂಥಲ್ಲಿ ಹೆಚ್ಚಿನ ಹಣ ನಿಜವಾಗಿ ಹೆಚ್ಚಿನದಾದರೆ ಒಪ್ಪುವುದೇ ಲೇಸು. ಕಂಪನಿ ನಡೆಯುತ್ತಲೇ ಇದ್ದು, ನಿಮ್ಮದೇ ಕೆಲಸದಲ್ಲಿ ನಿಮಗಿಂತ ಹಿಂದೆ ಸೇರಿದವರನ್ನು ತೆಗೆಯದೆ, ನಿಮಗಿಂತ ಈಚೆಗೆ ಸೇರಿದವರನ್ನು ಉಳಿಸಿಕೊಂಡು ನಿಮ್ಮನ್ನು ಕಳುಹಿಸಿದ್ದರೆ ಮಾತು ಬೇರೆ. ಕೊನೆಗೆ ಸೇರಿದವನು ಮೊದಲು ಹೊರಗೆ ಎಂಬುದು ಕಾನೂನಿನ ಸಾಮಾನ್ಯ ನಿಯಮ. ಅದನ್ನು ಮೀರಿದ್ದಕ್ಕೆ ಕಾರಣ ಹೇಳಬೇಕಾದವರು ಅವರು. ಅಲ್ಲಿ ಹೋರಾಡುವುದಕ್ಕೆ ಅರ್ಥವುಂಟು, ವರ್ಷಗಟ್ಟಲೆ ಕಾಯುವಷ್ಟು ಮನೆ ತಡೆದುಕೊಳ್ಳುವುದಾದರೆ.

‘ಈಗ ಹಣ ತೆಗೆದುಕೊಳ್ಳೋಣ, ಆಮೇಲೆ ಕೇಸು ಹಾಕೋಣ’ ಎನ್ನುವವರು ಬಹಳ. ಸುಪ್ರೀಂ ಕೋರ್ಟು ಇದಕ್ಕೆ ಎಡೆಗೊಟ್ಟಿಲ್ಲ. ಸ್ವಯಂ ನಿವೃತ್ತಿಯ ಹಣ ಪಡೆದವರು ಹಿಂದಿನ ವೇತನ ಪರಿಷ್ಕರಣೆಯನ್ನು ಕೇಳುವಂತಿಲ್ಲವೆಂದು 2003ರ ಬಿಂದಲ್ ಮೊಕದ್ದಮೆಯಲ್ಲಿ ತೀರ್ಪಾಯಿತು. ಅದಕ್ಕೂ ಮುಂಚೆ, 2002ರ ಡಿಸೆಂಬರಿನ ಬ್ಯಾಂಕ್ ಆಫ್ ಇಂಡಿಯಾ ಮೊಕದ್ದಮೆಯಲ್ಲಿ, ಬ್ಯಾಂಕು ಒಪ್ಪುವ ಮೊದಲು ನೌಕರನು ತನ್ನ ಅರ್ಜಿಯನ್ನು ಹಿಂತೆಗೆದುಕೊಳ್ಳಬಹುದೆಂದಿತು. ಯೋಜನೆಯ ಹಣ ಮುಟ್ಟಿದವರಿಗೆ ಆ ಅನುಕೂಲ ಸಿಗಲಿಲ್ಲ.

ರುಜುವಿಗೆ ಮೊದಲು ಲೆಕ್ಕವನ್ನು ಬಾಬುವಾರು ಬರೆದುಕೊಡಿರೆಂದು ಪತ್ರದ ಮೂಲಕವೇ ಕೇಳಿ, ಅದರ ಪ್ರತಿಯನ್ನು ಮನೆಯಲ್ಲಿಡಿ. ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ದೂರು ಕೊಡಬಹುದು. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಅವರು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ.